ಬರಹಗಾರರಿಗೆ ಸಲಹೆ: ಅಮ್ಮ ಒಳಗೆ ತಂದಿಟ್ಟ ಕಟ್ಟಿಗೆ

ಪ್ರಿಯ ಬರಹಗಾರರೇ,

ನೀವು ಉಡುಪಿಯಿಂದ ಕಳಿಸಿದ ‘ಆಂಟಿಸಿಪೇಟ್: ಅರ್ಥ ಮತ್ತು ಬಳಕೆ’ ಲೇಖನವನ್ನು ಎರಡು ಸಲ ಓದಿದೆ. ಕಾಲೇಜು ಮಕ್ಕಳಿಗೆ ಇಂಗ್ಲಿಷ್ ಕ್ರಿಯಾಪದಗಳನ್ನು ಕನ್ನಡದಲ್ಲಿ ತಿಳಿಸಿಕೊಡುವ ಸರಣಿಗೆ ಇದು ಮೊದಲ ಕಂತು ಎಂದಿದ್ದೀರಿ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ನೀವು ಕೈಬಿಡಬಾರದು ಅಂತಲೂ ನನಗೆ ತುಂಬ ಅನಿಸಿದೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗುತ್ತದೆ.

ಮೊದಲ ಎರಡು ಪುಟದಲ್ಲಿ ನೀವು ಹೇಳುವುದು ಇಷ್ಟು. ಎಕ್ಸ್‌ಪೆಕ್ಟ್ ಅಂದರೆ ನಿರೀಕ್ಷಿಸು. ಆಂಟಿಸಿಪೇಟ್ ಅಂದರೂ ನಿರೀಕ್ಷಿಸು. ಲುಕ್ ಫಾರ್ವರ್ಡ್ ಟು ಅಂದರೂ ಅದೇ. ಆಂಟಿಸಿಪೇಟ್ ಮಾತ್ರ ಸ್ವಲ್ಪ ಗೌರವದ ಪದ. ಇದನ್ನು ತಪ್ಪು ಅನ್ನಲಾರೆ. ಇಂದಿನ ಇಂಗ್ಲಿಷ್ ನಿಘಂಟುಗಳು ಆಂಟಿಸಿಪೇಟ್‌ಗೆ ಎಕ್ಸ್‌ಪೆಕ್ಟ್ ಎನ್ನುವ ಅರ್ಥವನ್ನೂ ಕೊಡುತ್ತವೆ. ಆದರೆ ಮೂರಕ್ಕೂ ಒಂದೇ ಕನ್ನಡ ಪದ ಕೊಟ್ಟರೆ, ಯಾವಾಗ ಯಾವುದನ್ನು ಬಳಸಬೇಕು ಅಂತ ಓದುವ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಬೇಕಿರುವುದೇ ಆ ವ್ಯತ್ಯಾಸ, ಅಲ್ವಾ?

ಎಕ್ಸ್‌ಪೆಕ್ಟ್ ಪದದ ಲ್ಯಾಟಿನ್ ಬೇರಿನಲ್ಲಿ ‘ನೋಡು’ ಇದೆ. ಯಾರೋ ಬರುತ್ತಾರೆಂದು ಹೊರಗೆ ನೋಡುತ್ತ ನಿಲ್ಲುವುದು. ನಮ್ಮ ನಿರೀಕ್ಷೆಯ ಒಳಗೂ ನೋಡುವುದೇ ಇದೆ. ಎದುರುನೋಡು, ದಾರಿ ನೋಡು ಎನ್ನುವಾಗಲೂ ಅದೇ. ಎಲ್ಲ ಕಣ್ಣಿನ ಕೆಲಸ. ಆಂಟಿಸಿಪೇಟ್ ಹಾಗಲ್ಲ. ಅದರ ಲ್ಯಾಟಿನ್ ಬೇರು ‘ಮುಂಚೆ’ ಮತ್ತು ‘ಹಿಡಿ’ ಎಂಬ ಎರಡು ಪದ ಸೇರಿ ಆದದ್ದು. ಬರುವುದನ್ನು ಬರುವ ಮುಂಚೆಯೇ ಹಿಡಿಯುವುದು. ಅಲ್ಲಿ ಕೈಗೆ ಕೆಲಸ ಇದೆ. ಇಂಗ್ಲಿಷಿನಲ್ಲೂ ಹಳೆಯ ಅರ್ಥ ಇದೇ, ಸುಮ್ನೆ ಕಾಯುವುದು ನಂತರ ಸೇರಿಕೊಂಡದ್ದು.

ಈಗ ನಿಮ್ಮ ಮೂರನೇ ಪುಟಕ್ಕೆ ಬನ್ನಿ. ಅಲ್ಲಿ ಒಂದು ವಾಕ್ಯ ಇದೆ: ‘ಮೋಡ ನೋಡಿ ಅಮ್ಮ ಅಂಗಳದ ಕಟ್ಟಿಗೆಯನ್ನೆಲ್ಲ ಒಳಗೆ ತಂದಿಟ್ಟಳು.’ ಇಡೀ ಲೇಖನದಲ್ಲಿ ಜೀವ ಇರುವ ಸಾಲು ಇದೊಂದೇ. ನೀವು ಇದನ್ನು ಎಕ್ಸ್‌ಪೆಕ್ಟ್‌ಗೆ ಉದಾಹರಣೆಯಾಗಿ ಕೊಟ್ಟು ಮುಂದೆ ಹೋಗಿಬಿಟ್ಟಿದ್ದೀರಿ. ಅಮ್ಮ ಮೋಡ ನೋಡಿ ಮಳೆ ಬರುತ್ತದೆ ಅಂದುಕೊಂಡದ್ದು ಎಕ್ಸ್‌ಪೆಕ್ಟ್. ಕಟ್ಟಿಗೆ ಒಳಗೆ ತಂದಳಲ್ಲ, ಅದು ಆಂಟಿಸಿಪೇಟ್.

‘ತಂದಿಟ್ಟಳು’ ಎಂಬ ಪದವನ್ನು ಇನ್ನೊಮ್ಮೆ ನೋಡಿ. ‘ತಂದಳು’ ಅಂತ ನೀವು ಬರೆಯಲಿಲ್ಲ. ಆ ‘ಇಡು’ ಯಾಕೆ ಬಂತು? ಅಕ್ಕಿ ನೆನೆಸಿಟ್ಟೆ, ನೀರು ತುಂಬಿಸಿಟ್ಟೆ, ಅವನಿಗೆ ಮೊದಲೇ ಹೇಳಿಟ್ಟಿದ್ದೆ. ನಾಳೆಗೆ ಬೇಕಾದೀತು ಅಂತ ಇವತ್ತೇ ಮಾಡುವ ಕೆಲಸಕ್ಕೆ ನಾವು ದಿನಾ ಈ ‘ಇಡು’ ಹಚ್ಚುತ್ತೇವೆ. ಆಂಟಿಸಿಪೇಟ್‌ಗೆ ಕನ್ನಡದಲ್ಲಿ ಸರಿಯಾದ ಪದ ಇಲ್ಲ ಎಂದು ನೀವು ಕೊನೆಯಲ್ಲಿ ಬರೆದಿದ್ದೀರಿ. ಒಂಟಿ ಪದ ಇಲ್ಲದಿರಬಹುದು. ಆದರೆ ಆ ಭಾವ ನಿಮ್ಮ ಅಮ್ಮನ ಕ್ರಿಯಾಪದದ ಬಾಲದಲ್ಲೇ ಇದೆ! ಇದನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು.

ಉದಾಹರಣೆಗಳ ವಿಷಯ. ಲಂಡನ್ನಿನ ಜಾನ್, ಮೇರಿ ನಿಮಗೆ ಯಾಕೆ ಬೇಕು? ನೀವು ಇರುವುದು ರಥಬೀದಿಯ ಹತ್ತಿರ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆದರೆ ಅದಕ್ಕೆ ಒಂದು ವರ್ಷಕ್ಕೂ ಮುಂಚೆ ಬಾಳೆ ಮುಹೂರ್ತ ಆಗುತ್ತದೆ. ಮುಂದೆ ಸಾವಿರಾರು ಜನ ಊಟಕ್ಕೆ ಕೂರುತ್ತಾರೆ, ಎಲೆ ಬೇಕು, ಹಾಗಾಗಿ ಈಗಲೇ ಬಾಳೆ ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಆಂಟಿಸಿಪೇಟ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ನಿಘಂಟಿನಲ್ಲೂ ಸಿಗಲಿಕ್ಕಿಲ್ಲ. ತೋಟದವರನ್ನು ಕೇಳಿ. ಕೊಳೆರೋಗ ಬಂದ ಮೇಲಲ್ಲ, ಮಳೆ ಹಿಡಿಯುವ ಮುಂಚೆಯೇ ಅವರು ಅಡಿಕೆಗೆ ಮದ್ದು ಬಿಡುತ್ತಾರೆ.

ಲುಕ್ ಫಾರ್ವರ್ಡ್ ಟು ಬೇಕಾದರೆ ಜುಲೈ ಕೊನೆಗೆ ಮಲ್ಪೆ ಬಂದರಿಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಬಲೆ ಸರಿಮಾಡುತ್ತ ಕೂತವರು ಕಡಲಿಗೆ ಇಳಿಯುವ ದಿನವನ್ನು ಆಸೆಯಿಂದ ಎದುರುನೋಡುತ್ತಿರುತ್ತಾರೆ. ಆ ಆಸೆ ಎಕ್ಸ್‌ಪೆಕ್ಟ್‌ನಲ್ಲಿ ಇರಲೇಬೇಕೆಂದಿಲ್ಲ. ಸೋಲನ್ನೂ ಎಕ್ಸ್‌ಪೆಕ್ಟ್ ಮಾಡಬಹುದು.

ನೀವು ಮುಟ್ಟದೇ ಬಿಟ್ಟ ಒಂದು ಪದ ಇದೆ. ದಿನಾ ಪತ್ರಿಕೆಯಲ್ಲಿ ಬರುವ ‘ನಿರೀಕ್ಷಣಾ ಜಾಮೀನು’. ಆಂಟಿಸಿಪೇಟರಿ ಬೇಲ್‌ಗೆ ನಾವು ಮಾಡಿಕೊಂಡ ಕನ್ನಡ. ಓದಿದರೆ ಯಾರೋ ಜಾಮೀನಿಗಾಗಿ ಕಾಯುತ್ತಿದ್ದಾರೆ ಅನಿಸುತ್ತದೆ. ನಿಜದಲ್ಲಿ ಬಂಧನ ಆಗುವ ಮೊದಲೇ ಪಡೆದಿಟ್ಟುಕೊಳ್ಳುವ ಜಾಮೀನು ಅದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 438ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ 482ನೇ ಕಲಮು. ಆ ಕಲಮಿನ ತಲೆಬರಹ ಆಂಟಿಸಿಪೇಟ್ ಅನ್ನುವುದಿಲ್ಲ. ಅಪ್ರಿಹೆಂಡ್ ಅನ್ನುತ್ತದೆ. ಅದೂ ಮುಂದಾಗುವುದನ್ನು ನೆನೆಯುವುದೇ, ಆದರೆ ಹೆದರಿಕೆಯಿಂದ. ಇದರ ಮೇಲೆಯೇ ಒಂದು ಪುಟ ಬರೆಯಬಹುದು.

ಇನ್ನು ಸಣ್ಣ ತಿದ್ದುಪಡಿ. ‘ವಿ ಆಂಟಿಸಿಪೇಟ್ ಟು ಫಿನಿಶ್’ ಸರಿಯಲ್ಲ. ಎಕ್ಸ್‌ಪೆಕ್ಟ್ ಆದ ಮೇಲೆ ‘ಟು ಫಿನಿಶ್’ ಬರುತ್ತದೆ, ಆಂಟಿಸಿಪೇಟ್ ಆದ ಮೇಲೆ ‘ಫಿನಿಶಿಂಗ್’. ಲುಕಿಂಗ್ ಫಾರ್ವರ್ಡ್ ಟು ಆದ ಮೇಲೂ ‘ಹಿಯರಿಂಗ್’ ಬರಬೇಕು, ‘ಹಿಯರ್’ ಅಲ್ಲ. ಮಕ್ಕಳು ಕೆಲಸದ ಅರ್ಜಿಯಲ್ಲಿ ಜಾಸ್ತಿ ಮಾಡುವ ತಪ್ಪು ಇದು, ಬಿಡಿಸಿ ಹೇಳಿ. ಆಫೀಸಿನ ಪತ್ರದಲ್ಲಿ ‘ಯು ಆರ್ ಎಕ್ಸ್‌ಪೆಕ್ಟೆಡ್ ಟು’ ಅಂತ ಬಂದರೆ ಅದು ನಿರೀಕ್ಷೆ ಅಲ್ಲ, ಅಪ್ಪಣೆ. ಅದಕ್ಕೆ ‘ನಿರೀಕ್ಷಿಸಲಾಗಿದೆ’ ಅಂತ ಬರೆದಿದ್ದೀರಿ. ‘ಬರತಕ್ಕದ್ದು’ ಅನ್ನಿ, ಸಾಕು.

ಲೇಖನವನ್ನು ಕಟ್ಟಿಗೆಯ ಸಾಲಿನಿಂದ ಶುರು ಮಾಡಿ. ಮೊದಲ ಎರಡು ಪುಟ ತೆಗೆದುಹಾಕಿ. ಅಮ್ಮ ಮಳೆಗಾಲಕ್ಕೆ ಇನ್ನೇನೇನು ಮಾಡಿಡುತ್ತಾರೆ, ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ಹಪ್ಪಳವೋ, ಉಪ್ಪಿನಕಾಯಿಯೋ, ಅವರು ಬಳಸುವ ಕ್ರಿಯಾಪದವನ್ನು ತಿದ್ದದೆ ಹಾಗೇ ಬರೆಯಿರಿ. ಮುಗಿದ ಕೂಡಲೇ ಕಳಿಸಿ. ಸರಣಿಯ ಮೊದಲ ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ.

ಇಂತಿ,
ಸಂಪಾದಕ, ಮಂಗಳೂರು