ಏನೂ ಕೊಳ್ಳದೆ ಮನೆಯ ಕಸ ಕಡಿಮೆ ಮಾಡಲು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಕೋಲಾರಕ್ಕೆ ಹೊಸದಾಗಿ ಬಂದಿದ್ದೀರಿ, ಮಹಡಿಯ ಮೇಲೆ ಬಾಡಿಗೆ ಮನೆ, ಕೈತೋಟವಿಲ್ಲ, ಇದಕ್ಕೆಂದು ದುಡ್ಡು ಖರ್ಚು ಮಾಡುವ ಮನಸ್ಸೂ ಇಲ್ಲ, ಹೀಗಿರುವಾಗ ಮನೆಯ ಕಸವನ್ನು ಕಡಿಮೆ ಮಾಡುವುದು ಹೇಗೆ? ನನ್ನದೂ ಇದೇ ಊರು, ಮಹಡಿಯ ಮೇಲಿನ ಬಾಡಿಗೆ ಮನೆಯೇ. ಎಡವಿ ಕಲಿತದ್ದನ್ನು ಹೇಳುತ್ತೇನೆ.

ಖರ್ಚು ಮಾಡುವ ಮನಸ್ಸಿಲ್ಲ ಎಂದಿದ್ದೀರಲ್ಲ, ಅದೇ ಒಳ್ಳೆಯ ಆರಂಭ. ಬಿದಿರಿನ ಬ್ರಷ್ಷು, ಗಾಜಿನ ಡಬ್ಬಿಗಳ ಸಾಲು ಎಲ್ಲ ಆಮೇಲೆ ನೋಡಿಕೊಳ್ಳೋಣ. ಮೊದಲು ಒಂದು ವಾರ ನಿಮ್ಮ ಕಸದ ಬುಟ್ಟಿಯೊಳಗೆ ಏನಿದೆ ಎಂದು ನೋಡಿ. ನಮ್ಮ ಮನೆಯ ಬುಟ್ಟಿಯಲ್ಲಿ ಮುಕ್ಕಾಲು ಪಾಲು ಇದ್ದದ್ದು ಸೊಪ್ಪಿನ ಕಡ್ಡಿ, ತರಕಾರಿ ಸಿಪ್ಪೆ, ಟೀ ಚರಟ, ದೇವರಿಗೆ ಇಟ್ಟು ಬಾಡಿದ ಹೂವು. ದಿನ ಬಿಟ್ಟು ದಿನ ಸೊಪ್ಪಿನ ಸಾರು, ಮುದ್ದೆ ಮಾಡುವ ಮನೆಯಲ್ಲಿ ಇನ್ನೇನಿರುತ್ತದೆ? ಈ ಹಸಿ ಕಸವೊಂದನ್ನು ಬೇರೆ ಮಾಡಿದರೆ ಉಳಿದದ್ದು ನಾರುವುದಿಲ್ಲ, ಬೇಗ ತುಂಬುವುದೂ ಇಲ್ಲ.

ಹಳೆಯ ಪೇಂಟ್ ಬಕೆಟ್ ಒಂದಕ್ಕೆ ಕಾಯಿಸಿದ ಮೊಳೆಯಿಂದ ಸುತ್ತಲೂ, ತಳಕ್ಕೂ ತೂತು ಮಾಡಿ ಗೊಬ್ಬರಕ್ಕೆಂದು ಇಟ್ಟೆ. ಆಗ ಅತ್ತೆಯವರು, "ತಿಪ್ಪೆಯನ್ನು ಊರಿನಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ, ನೀನು ಅದನ್ನು ಮಹಡಿಗೇ ಹತ್ತಿಸಿದೆಯಲ್ಲಮ್ಮ" ಎಂದು ನಕ್ಕರು. ಹತ್ತೇ ದಿನಕ್ಕೆ ಅವರ ನಗುವೂ ನಿಂತಿತು. ಮಿಕ್ಕ ಸಾರು, ಹುಳಿಯನ್ನೆಲ್ಲ ಅದಕ್ಕೇ ಸುರಿದಿದ್ದೆ. ಬಕೆಟ್ ಕೊಳೆತು, ಬಿಳಿ ಹುಳುಗಳು ಮೆಟ್ಟಿಲಿಳಿದು ಮನೆಯ ಯಜಮಾನರ ಬಾಗಿಲವರೆಗೆ ಹೋದವು. ಅವರು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ತಪ್ಪು ನನ್ನದೇ. ನೀರು ನಿಂತು ಗಾಳಿಯಾಡದಿದ್ದರೆ ಹಸಿ ಕಸ ಕೊಳೆತು ನಾರುತ್ತದೆ; ಗಾಳಿಯಾಡಿದರೆ ಗೊಬ್ಬರವಾಗುತ್ತದೆ. ಅದಕ್ಕೆ ಬೇಕಾದದ್ದು ಒಣ ಎಲೆ. ನಮ್ಮ ಬೀದಿಯ ಹೊಂಗೆ ಮರಗಳ ಎಲೆಯನ್ನು ಬೆಳಿಗ್ಗೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಿದ್ದರು. ಒಂದು ಖಾಲಿ ಗೋಣಿಚೀಲ ಕೊಟ್ಟು, ಇದಕ್ಕೆ ತುಂಬಿಡಿ ಎಂದು ಕೇಳಿಕೊಂಡೆ. ಈಗ ಬಕೆಟ್ಟಿನ ತಳಕ್ಕೆ ನಾಲ್ಕು ಬೆರಳು ದಪ್ಪ ಎಲೆ ಹಾಸುತ್ತೇನೆ. ದಿನವೂ ಒಂದು ಬೋಗುಣಿ ಸಿಪ್ಪೆ ಹಾಕಿದರೆ ಅದರ ಮೇಲೆ ಎರಡು ಬೋಗುಣಿ ಪುಡಿ ಮಾಡಿದ ಎಲೆ. ಆಗಾಗ ಒಂದು ಲೋಟ ಹುಳಿ ಮಜ್ಜಿಗೆಯನ್ನೋ ಸಗಣಿಯ ಬಗ್ಗಡವನ್ನೋ ಚಿಮುಕಿಸಿ, ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವುತ್ತೇನೆ. ಸಾರು, ಎಣ್ಣೆ, ಮಾಂಸದ ಮೂಳೆ ಹಾಕುವುದಿಲ್ಲ. ಒಂದು ಬಕೆಟ್ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡಿದರೆ, ಎರಡು ತಿಂಗಳ ಹೊತ್ತಿಗೆ ಮೊದಲನೆಯದು ಮಳೆ ಬಿದ್ದ ಮಣ್ಣಿನ ವಾಸನೆಗೆ ಬಂದಿರುತ್ತದೆ. ಹುಳು ಕಂಡರೆ ಹೆದರಬೇಡಿ. ತೇವ ಹೆಚ್ಚಾಗಿದೆ ಎಂದುಕೊಂಡು ಇನ್ನಷ್ಟು ಎಲೆ ಹಾಕಿ.

ಒಣ ಕಸದ ವಿಷಯ ಇಷ್ಟು ಕಷ್ಟದ್ದಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ತುಂಡು ಕವರಿಗೇ ಅಂಟಿಕೊಂಡಿರುವಂತೆ ಸೀಳಿ. ಬೇರ್ಪಟ್ಟ ಆ ಉಗುರಿನಷ್ಟು ತುಂಡನ್ನು ಯಾರೂ ಹೆಕ್ಕುವುದಿಲ್ಲ, ಚರಂಡಿಗೆ ಹೋಗುತ್ತದೆ. ಕವರನ್ನು ತೊಳೆದು ಒಣಗಿಸಿಟ್ಟರೆ ನಮ್ಮ ಬೀದಿಗೆ ಬರುವ ಗುಜರಿಯವರು ಒಯ್ಯುತ್ತಾರೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರನ್ನು ಮಾತ್ರ ಅವರೂ ಮುಟ್ಟುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕೂ ಲೋಹದ ತೆಳು ಪದರವೂ ಬೇರ್ಪಡಿಸಲಾಗದಂತೆ ಅಂಟಿಕೊಂಡಿರುತ್ತವೆ. ಹಾಗಾಗಿ ನಿಪ್ಪಟ್ಟು, ಚಕ್ಕುಲಿಯನ್ನು ಡಬ್ಬಿ ಒಯ್ದು ತೂಕದ ಲೆಕ್ಕದಲ್ಲಿ ತರುತ್ತೇನೆ. ಮಕ್ಕಳು ಹಟ ಹಿಡಿದಾಗ ಚಿಪ್ಸೂ ಬರುತ್ತದೆ, ಸುಳ್ಳೇಕೆ ಹೇಳಲಿ.

ಇಡ್ಲಿ ಕಟ್ಟಿಸಿಕೊಳ್ಳಲು ಹೋಗುವಾಗಲೂ ಸ್ಟೀಲ್ ಡಬ್ಬಿ ಒಯ್ಯಿರಿ. ಪ್ಲಾಸ್ಟಿಕ್ ಚೀಲ, ತಟ್ಟೆ, ಹಾಳೆಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಆದರೂ ಬಿಸಿ ಇಡ್ಲಿ ಈಗಲೂ ಅದೇ ಹಾಳೆಯ ಮೇಲೆ ಬೆವರುತ್ತಿರುತ್ತದೆ. ಪೇಪರ್ ಲೋಟವನ್ನೂ ಪೂರ್ತಿ ಕಾಗದವೆಂದು ನಂಬಬೇಡಿ, ಒಳಗೆ ಪ್ಲಾಸ್ಟಿಕ್ ಲೇಪ ಇರುತ್ತದೆ.

ಒಡೆದ ಗಾಜು, ಬ್ಲೇಡು, ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಬೇರೆಯಾಗಿ ಕೊಡಿ. ಕಸದ ಗಾಡಿಯ ಜೊತೆ ಬರುವ ಹೆಂಗಸೊಬ್ಬರ ಅಂಗೈಯಲ್ಲಿ ಗಾಜು ಹೊಕ್ಕಿದ್ದನ್ನು ನಾನೇ ನೋಡಿದ್ದೇನೆ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಊರಿನಲ್ಲಿ ಅದನ್ನು ಬಿಟ್ಟು ಮಾತನಾಡಲಾಗದು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಷ್ಟು ಆಳದ ನೀರಿನಲ್ಲಿ ಫ್ಲೋರೈಡ್ ಇರುವ ಕಾರಣ ಎಷ್ಟೋ ಮನೆಗಳಲ್ಲಿ ನೀರು ಸೋಸುವ ಆರ್‌ಒ ಯಂತ್ರವಿದೆ. ಅದು ಒಂದು ಲೀಟರ್ ಕುಡಿಯುವ ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಹೊರಗೆ ಬಿಡುತ್ತದೆ. ನಾನು ಜಾಣತನವೆಂದುಕೊಂಡು ಆ ನೀರನ್ನು ದಿನವೂ ತುಳಸಿಗೆ ಹಾಕಿದೆ. ಎಲೆಯ ತುದಿ ಸುಟ್ಟಂತೆ ಕಂದಾಯಿತು. ನಾವು ಬೇಡವೆಂದು ಸೋಸಿದ ಉಪ್ಪು, ಫ್ಲೋರೈಡ್ ಎಲ್ಲ ಅದರಲ್ಲೇ ಮಂದವಾಗಿ ಉಳಿದಿರುತ್ತವೆ. ಈಗ ಆ ನೀರು ನೆಲ ಒರೆಸಲು, ಶೌಚಾಲಯಕ್ಕೆ. ಗಿಡಗಳಿಗೆ ಅಕ್ಕಿ, ತರಕಾರಿ ತೊಳೆದ ನೀರು. 2018ರಿಂದ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಪಕ್ಕದ ಊರು ಬಳಸಿದ ನೀರಿಗೆ ಕೈಯೊಡ್ಡಿರುವ ನಾವು ನಮ್ಮದೇ ಬಕೆಟ್ ನೀರನ್ನು ಚೆಲ್ಲುವುದು ನನಗೇಕೋ ಸರಿಕಾಣುವುದಿಲ್ಲ.

ಒಂದು ಎಚ್ಚರಿಕೆ. ನೀವು ಹೊಸಬರಾದ್ದರಿಂದ ಅವರೆಕಾಯಿ ಕಾಲ ಇನ್ನೂ ನೋಡಿರಲಾರಿರಿ. ಡಿಸೆಂಬರ್ ಬಂತೆಂದರೆ ಇಲ್ಲಿ ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು. ಒಂದು ಚೀಲ ಕಾಯಿ ಸುಲಿದರೆ ಬೇಳೆ ಒಂದು ಪಾತ್ರೆ, ಸಿಪ್ಪೆ ಗುಡ್ಡೆ. ಯಾವ ಬಕೆಟ್ಟಿಗೂ ಅದು ಹಿಡಿಸುವುದಿಲ್ಲ. ಹಸು ಕಟ್ಟಿರುವ ಮನೆ ಹತ್ತಿರದಲ್ಲಿ ಎಲ್ಲಿದೆ ಎಂದು ಈಗಲೇ ವಿಚಾರಿಸಿಕೊಳ್ಳಿ. ನಾನು ಸಿಪ್ಪೆ ಒಯ್ದು ಕೊಡುತ್ತೇನೆ, ಅವರು ಬಕೆಟ್ಟಿಗೆ ಬೇಕಾದ ಸಗಣಿ ಕೊಡುತ್ತಾರೆ. ಹಾಲನ್ನೂ ಅಲ್ಲಿಂದಲೇ ಪಾತ್ರೆಯಲ್ಲಿ ತರುವುದು ರೂಢಿಯಾಗಿ, ಈಗ ಪ್ಯಾಕೆಟ್ ಹಾಲು ನೆಂಟರು ಬಂದಾಗ ಮಾತ್ರ.