ಕಿವಿ ತುಂಬ ಕರಿ ಗುಗ್ಗೆ: ಬೆಕ್ಕಿನ ಮರಿಗೆ ಹನಿ ಲೆಕ್ಕ ಬೇಡ

ಪ್ರಶ್ನೆ: ಬೆಕ್ಕಿನ ಮರಿಯೊಂದು ತಾನಾಗೇ ಬಂದು ಮನೆ ಸೇರಿದೆ. ಒಂದೂವರೆ-ಎರಡು ತಿಂಗಳಿನದಿರಬಹುದು. ಹಗಲು ರಾತ್ರಿ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತದೆ, ತಲೆ ಕೊಡವುತ್ತದೆ. ಕಿವಿಯೊಳಗೆ ಚಹಾಪುಡಿಯಂಥ ಕರಿ ಹೊಲಸು. ಕುರಿಗಳಿಗೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ಬಾಟಲಿ ಮನೆಯಲ್ಲಿದೆ, ಒಂದು ಹನಿ ಕುಡಿಸಿದರೆ ಸಾಕು ಅನ್ನುತ್ತಾರೆ. ಬೇವಿನೆಣ್ಣೆ ಬಿಡಿ ಅನ್ನುವವರೂ ಇದ್ದಾರೆ. ಮನೆಯಲ್ಲಿ ನಾಯಿಯೂ ಇದೆ. ಏನು ಮಾಡಲಿ?
— ಓದುಗರು, ಮುಧೋಳ

ಉತ್ತರ: ಆ ಬಾಟಲಿ ಕುರಿಗಳಿಗೇ ಇರಲಿ. ಔಷಧ ತಪ್ಪಲ್ಲ, ಅಳತೆ ತಪ್ಪು. ಲೆಕ್ಕ ನೋಡಿ. ಶೇ. 1ರ ಬಾಟಲಿಯಲ್ಲಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧ ಇರುತ್ತದೆ. ಬೆಕ್ಕಿಗೆ ಕೊಡುವಾಗ ವೈದ್ಯರು ಸಾಮಾನ್ಯವಾಗಿ ಕಿಲೋಗೆ 0.2ರಿಂದ 0.3 ಮಿಲಿಗ್ರಾಂ ದಾಟುವುದಿಲ್ಲ. ನಿಮ್ಮ ಮರಿ 600 ಗ್ರಾಂ ಇದ್ದರೆ ಹೆಚ್ಚೆಂದರೆ 0.18 ಮಿಲಿಗ್ರಾಂ, ಅಂದರೆ 0.018 ಮಿಲಿಲೀಟರು. ಒಂದು ಹನಿಯೇ ಸುಮಾರು 0.05 ಮಿಲಿಲೀಟರು ಆಗುತ್ತದೆ. ಒಂದೇ ಹನಿಗೆ ಸುಮಾರು ಮೂರು ಪಟ್ಟು. ಕೈ ನಡುಗಿ ಎರಡು ಬಿದ್ದರೆ ಐದಾರು ಪಟ್ಟು. ಎಳೆ ಮರಿಯಲ್ಲಿ ಇದು ಮಿದುಳಿಗೆ ಏರುತ್ತದೆ: ಕಣ್ಣಿನ ಪಾಪೆ ಅಗಲವಾಗುತ್ತದೆ, ಜೊಲ್ಲು ಸುರಿಯುತ್ತದೆ, ನಡೆ ತೂರಾಡುತ್ತದೆ, ನಡುಕ ಬರುತ್ತದೆ. ಇದನ್ನು ಇಳಿಸುವ ಪ್ರತಿಮದ್ದು ಇಲ್ಲ.

ಬೇವಿನೆಣ್ಣೆಯೂ ಬೇಡ. ಬೆಕ್ಕು ಮೈಯೆಲ್ಲ ನೆಕ್ಕುವ ಪ್ರಾಣಿ, ಕಿವಿಗೆ ಬಿಟ್ಟದ್ದು ಪಂಜಕ್ಕೆ ಹತ್ತಿ ಹೊಟ್ಟೆ ಸೇರುತ್ತದೆ. ಬೆಳ್ಳುಳ್ಳಿ ಕಾಸಿದ ಎಣ್ಣೆಯೂ ಬೇಡ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತದೆ.

ನೀವು ಬರೆದ ಲಕ್ಷಣ ಬಹುಪಾಲು ಕಿವಿ ನುಸಿಯದೇ. ಖಾತ್ರಿ ಮಾಡಿಕೊಳ್ಳಲು ಚೂರು ಗುಗ್ಗೆಯನ್ನು ಕರಿ ಕಾಗದದ ಮೇಲೆ ಉಜ್ಜಿ, ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಅರ್ಧ ಮಿಲಿಮೀಟರಿಗೂ ಸಣ್ಣ ಬಿಳಿ ಚುಕ್ಕೆಗಳು ಮೆಲ್ಲಗೆ ಸರಿದಾಡಿದರೆ ಅವೇ ನುಸಿ. ಚುಕ್ಕೆ ಕಾಣದೆ ಹಳದಿ ಕೀವು, ಕೆಟ್ಟ ವಾಸನೆ ಇದ್ದರೆ ಅದು ಸೋಂಕು, ಮದ್ದೇ ಬೇರೆ.

ಮೊದಲ ಕೆಲಸ ಕಿವಿ ಶುದ್ಧ ಮಾಡುವುದು. ಬೆಕ್ಕಿನ ಕಿವಿದಾರಿ ಮೊದಲು ಕೆಳಕ್ಕಿಳಿದು, ಆಮೇಲೆ ಪೈಪಿನ ಎಲ್ಬೋದಂತೆ ಒಳಕ್ಕೆ ತಿರುಗುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ತೂರಿಸಿದರೆ ಗುಗ್ಗೆ ಆ ತಿರುವಿನಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಕಡ್ಡಿ ಬಿಡಿ. ಮರಿಯನ್ನು ಟಾವೆಲ್‌ನಲ್ಲಿ ಕಾಲುಗಳು ಒಳಗಿರುವಂತೆ ಸುತ್ತಿ, ತಲೆ ಮಾತ್ರ ಹೊರಗಿಟ್ಟು ಇನ್ನೊಬ್ಬರ ಕೈಗೆ ಕೊಡಿ. ಔಷಧ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಸಾಕು. ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿನ ಹನಿ ಬಿದ್ದರೆ ಮರಿ ಒಮ್ಮೆಲೇ ಜಿಗಿಯುತ್ತದೆ. ಕಿವಿಗೆ ನಾಲ್ಕೈದು ಹನಿ ಬಿಟ್ಟು, ಕಿವಿಯ ಬುಡವನ್ನು ಅರ್ಧ ನಿಮಿಷ ನಯವಾಗಿ ಹಿಸುಕಿ. ಪಚಪಚ ಸಪ್ಪಳ ಕೇಳಿದರೆ ಎಣ್ಣೆ ಒಳಗಿಳಿದಿದೆ ಎಂದರ್ಥ. ಆಮೇಲೆ ಕೈ ಬಿಡಿ. ಮರಿ ತಲೆ ಕೊಡವಿ ತಾನೇ ಮೇಲಕ್ಕೆ ತರುತ್ತದೆ, ನೀವು ಕಣ್ಣಿಗೆ ಕಂಡದ್ದನ್ನಷ್ಟೇ ಹತ್ತಿಯಿಂದ ಒರೆಸಿದರಾಯಿತು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಸುಣ್ಣದ ತಿಳಿ ಇವು ಯಾವುದನ್ನೂ ಹಾಕಬೇಡಿ. ಮರಿ ತಲೆಯನ್ನು ಒಂದೇ ಕಡೆ ವಾಲಿಸಿ ನಡೆಯುತ್ತಿದ್ದರೆ ಹನಿ ಬಿಡುವುದೇ ಬೇಡ. ಕಿವಿತಮಟೆ ಹರಿದಿರಬಹುದು, ವೈದ್ಯರು ಒಳಗೆ ನೋಡುವವರೆಗೆ ಕಾಯಿರಿ.

ಔಷಧಕ್ಕೆ ಮುಂಚೆ ತೂಕ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಚೀಲವನ್ನು ಮೊದಲು ತೂಗಿ, ಆಮೇಲೆ ಮರಿ ಸಮೇತ ತೂಗಿದರೆ ಮುಗಿಯಿತು. ವಯಸ್ಸು ಗೊತ್ತಿಲ್ಲದಿದ್ದರೆ ಕಣ್ಣು ನೋಡಿ: ಹುಟ್ಟಿನ ನೀಲಿ ಬಣ್ಣ ಮಾಸತೊಡಗಿದ್ದರೆ ಆರೇಳು ವಾರ. ಸೆಲಮೆಕ್ಟಿನ್ ಎಂಬ ಸ್ಪಾಟ್-ಆನ್ ಔಷಧವನ್ನು 8 ವಾರ ತುಂಬಿದ ಮರಿಗೆ ಹಾಕುತ್ತಾರೆ. 2.5 ಕಿಲೋ ಒಳಗಿನ ಬೆಕ್ಕಿಗೆ 15 ಮಿಲಿಗ್ರಾಮಿನ ಟ್ಯೂಬು. ಇದು ಕಿವಿಗೆ ಹಾಕುವುದಲ್ಲ. ಹೆಕ್ಕತ್ತಿನ ಕೂದಲು ಬಿಡಿಸಿ ಚರ್ಮದ ಮೇಲೆ ಹಿಂಡಬೇಕು, ನಾಲಗೆ ಅಲ್ಲಿಗೆ ಎಟುಕುವುದಿಲ್ಲ. ತಿಂಗಳಿಗೆ ಇನ್ನೊಮ್ಮೆ ಬೇಕಾಗಬಹುದು. 8 ವಾರ ತುಂಬದಿದ್ದರೆ ಯಾವ ಮದ್ದು, ಎಷ್ಟು ಎಂಬುದನ್ನು ಮರಿಯನ್ನು ನೋಡಿದ ದನದ ದವಾಖಾನೆಯ ವೈದ್ಯರೇ ಹೇಳಬೇಕು. ಅಲ್ಲಿಯವರೆಗೆ ಪ್ಯಾರಫಿನ್‌ನಿಂದ ಶುದ್ಧ ಮಾಡುತ್ತಿರಿ.

ಬಹಳ ಜನ ಸೋಲುವುದು ಇಲ್ಲಿಯೇ: ಸ್ಪಾಟ್-ಆನ್ ಬದಲು ವೈದ್ಯರು ಕಿವಿಗೆ ಹಾಕುವ ಹನಿ ಮದ್ದು ಕೊಟ್ಟಿದ್ದರೆ, ವಾರದಲ್ಲಿ ಕರಿ ಹೊಲಸು ಹೋಯಿತೆಂದು ಅದನ್ನು ನಿಲ್ಲಿಸುತ್ತಾರೆ. ನುಸಿಯ ತತ್ತಿ ಒಡೆಯಲು ಸುಮಾರು 4 ದಿನ, ಮರಿನುಸಿ ಬಲಿತು ತತ್ತಿ ಇಡುವ ಹೊತ್ತಿಗೆ ಒಟ್ಟು ಮೂರು ವಾರ. ಬಹುತೇಕ ಹನಿ ಮದ್ದುಗಳು ತತ್ತಿಯನ್ನು ಕೊಲ್ಲುವುದಿಲ್ಲ. 21 ದಿನಕ್ಕೆ ಮುಂಚೆ ಕೈ ಬಿಟ್ಟರೆ ಮತ್ತೆ ಮೊದಲಿನಿಂದ.

ಇನ್ನು ನಾಯಿ. ಈ ನುಸಿ ಬೆಕ್ಕಿನಿಂದ ನಾಯಿಗೂ, ನಾಯಿಯಿಂದ ಬೆಕ್ಕಿಗೂ ದಾಟುತ್ತದೆ. ನಿಮ್ಮದು ಮುಧೋಳ ನಾಯಿಯೇ ಇರಲಿ, ಬೀದಿಯದೇ ಇರಲಿ, ಅದರ ಕಿವಿಯನ್ನೂ ಅದೇ ದಿನ ತೋರಿಸಿ. ಆದರೆ ನಾಯಿಯ ಉಣ್ಣೆಗೆ ತಂದ ಪರ್ಮೆಥ್ರಿನ್ ಅಥವಾ ಅಮಿಟ್ರಾಜ್ ಮದ್ದನ್ನು ಮರಿಗೆ ಸೋಕಿಸಲೇಬೇಡಿ. ಪರ್ಮೆಥ್ರಿನ್ ಅಂತೂ ಬೆಕ್ಕಿನ ಜೀವ ತೆಗೆಯುತ್ತದೆ. ನಾಯಿಗೆ ಹಚ್ಚಿದ್ದರೆ ಎರಡನ್ನೂ ಬೇರೆ ಬೇರೆ ಮಲಗಿಸಿ, ಎಷ್ಟು ದಿನ ಎಂಬುದನ್ನು ಮದ್ದಿನ ಚೀಟಿ ಹೇಳುತ್ತದೆ. ಮರಿ ಮಲಗುವ ಕೌದಿಯನ್ನು ಮೂರು ವಾರವೂ ನಾಲ್ಕು ದಿನಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮ ಕಡೆ ಬರವಿಲ್ಲ.

ಪ್ರಶ್ನೆ: ಕೆರೆದು ಕೆರೆದು ಬೆಕ್ಕಿನ ಒಂದು ಕಿವಿ ಪೂರಿಯಂತೆ ಉಬ್ಬಿದೆ. ಸೂಜಿ ಚುಚ್ಚಿ ನೀರು ತೆಗೆಯಬಹುದೇ?
— ಓದುಗರು, ವಿಜಯಪುರ

ಉತ್ತರ: ಅದು ನೀರಲ್ಲ, ರಕ್ತ. ಕಿವಿಯ ಹಾಳೆಯೊಳಗಿನ ರಕ್ತನಾಳ ಒಡೆದು ಚರ್ಮದ ಕೆಳಗೆ ತುಂಬಿದೆ. ಚುಚ್ಚಿದರೆ ಮತ್ತೆ ತುಂಬುತ್ತದೆ, ಮೇಲಾಗಿ ಕೀವಾಗುತ್ತದೆ. ವೈದ್ಯರು ಖಾಲಿ ಮಾಡಿ, ಬೇಕಾದರೆ ಹೊಲಿಗೆ ಹಾಕುತ್ತಾರೆ. ಜೊತೆಗೇ ನುಸಿಗೂ ಮದ್ದಾಗಬೇಕು. ತುರಿಕೆ ನಿಲ್ಲದಿದ್ದರೆ ಹೊಲಿಗೆ ನಿಲ್ಲುವುದಿಲ್ಲ.

ಪ್ರಶ್ನೆ: ಮಕ್ಕಳು ಮರಿಯನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾರೆ. ಅವರಿಗೂ ಹತ್ತುತ್ತದೆಯೇ?
— ಓದುಗರು, ಗೋಕಾಕ

ಉತ್ತರ: ಕಿವಿ ನುಸಿ ಮನುಷ್ಯರ ಮೈಯಲ್ಲಿ ನೆಲೆಯೂರುವುದಿಲ್ಲ. ಅಪರೂಪಕ್ಕೆ ತೋಳಿನ ಮೇಲೆ ತುರಿಸುವ ಸಣ್ಣ ಗುಳ್ಳೆ ಏಳಬಹುದು, ಮರಿ ಗುಣವಾದರೆ ಅದೂ ಹೋಗುತ್ತದೆ. ಆದರೆ ಮಗುವಿನ ಚರ್ಮದ ಮೇಲೆ ಅಂಚು ಕೆಂಪಗಿರುವ ದುಂಡನೆಯ ಕಲೆ ಕಂಡರೆ, ಮರಿಯ ಕಿವಿಯಂಚಿನಲ್ಲೋ ಮೂತಿಯ ಮೇಲೋ ಕೂದಲು ಉದುರಿದ್ದರೆ ಅದು ನುಸಿಯಲ್ಲ, ಹುಳುಕಡ್ಡಿ ಇರಬಹುದು. ಮಗುವನ್ನು ಚರ್ಮದ ವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಬೆಕ್ಕಿನ ಮರಿ ಇದೆ ಎಂದು ಮರೆಯದೆ ಹೇಳಿ.