ಪ್ರತಿಕ್ರಿಯೆ: ದುಂಡಿಗಲ್‌ನಲ್ಲಿ ತಮ್ಮನ ಮೊದಲ ಸೋಲೋ, ನಾವು ಹೋಗಬಹುದಾ?

ದುಂಡಿಗಲ್ ಏರ್‌ಫೋರ್ಸ್ ಅಕಾಡೆಮಿಯಲ್ಲಿ ಪಿಲಾಟಸ್ ಪಿಸಿ-7 ತರಬೇತಿ ವಿಮಾನ ಹಾರಿಸಲು ಕಲಿಯುತ್ತಿರುವ ತಮ್ಮನ ಸೋಲೋ (ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ ಹಾರುವ) ದಿನ ಮನೆಯವರೆಲ್ಲ ಹೋಗಿ ಸಂಭ್ರಮಿಸಬಹುದಾ ಎಂದು ಕೇಳಿದ್ದೀರಿ. ಆ ದಿನವನ್ನು ನಂಬಿ ಟಿಕೆಟ್ ಮಾಡಿಸಬೇಡಿ. ಇನ್‌ಸ್ಟ್ರಕ್ಟರ್ ಒಪ್ಪಬೇಕು, ಹವಾಮಾನವೂ ಕೂಡಿಬರಬೇಕು; ಅಡ್ಡಗಾಳಿ ಎದ್ದರೆ ಮುಂದಕ್ಕೆ ಹೋಗುತ್ತದೆ.

ಹಾರಾಟವೇನೋ ಚಿಕ್ಕದು: ಟೇಕ್‌ಆಫ್, ಒಂದು ಸರ್ಕ್ಯೂಟ್ (ರನ್‌ವೇ ಸುತ್ತ ಒಂದು ಸುತ್ತು), ಲ್ಯಾಂಡಿಂಗ್. ಆದರೆ ಇನ್‌ಸ್ಟ್ರಕ್ಟರ್ ಕೂರುವ ಹಿಂದಿನ ಸೀಟು ಖಾಲಿ, ವಿಮಾನ ಹಗುರ. ಬೇಗ ಮೇಲೇರುತ್ತದೆ, ಸರ್ಕ್ಯೂಟ್ ಎತ್ತರ ಅಂದುಕೊಂಡದ್ದಕ್ಕಿಂತ ಮೊದಲೇ ಬಂದುಬಿಡುತ್ತದೆ. ಇಳಿಯುವಾಗ ವೇಗ ಸ್ವಲ್ಪ ಹೆಚ್ಚಿದ್ದರೂ ನೆಲ ಮುಟ್ಟದೆ ರನ್‌ವೇ ಮೇಲೆ ತೇಲುತ್ತಾ ಹೋಗುತ್ತದೆ. ಆಗ ಅವಸರಪಟ್ಟು ಮೂತಿ ಕೆಳಕ್ಕೆ ಒತ್ತಿದರೆ ನೆಲಕ್ಕೆ ಬಡಿದು ಬೌನ್ಸ್ ಆಗುತ್ತದೆ. ಸಂಶಯ ಬಂದರೆ ಪವರ್ ಕೊಟ್ಟು ಗೋ-ಅರೌಂಡ್ ಮಾಡಲಿ, ಅಂದರೆ ಇಳಿಯದೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಲಿ, ನಾಚಿಕೆಪಡುವಂಥದ್ದೇನೂ ಇಲ್ಲ. ಖಾಲಿ ಸೀಟಿನ ಬೆಲ್ಟ್‌ಗಳನ್ನು ಬಿಗಿದು ಕಟ್ಟಿರಲೇಬೇಕು. ಸಡಿಲವಿದ್ದರೆ ವಿಮಾನ ನಿಯಂತ್ರಿಸುವ ಹಿಂದಿನ ಸ್ಟಿಕ್‌ಗೆ ಸಿಕ್ಕಿಕೊಳ್ಳಬಹುದು.

ಹಿಂದಿನ ರಾತ್ರಿ "ನಾಳೆನೇನಾ?" ಎಂದು ಫೋನ್ ಮಾಡುತ್ತಾ ಕೂರಬೇಡಿ, ಹುಡುಗ ಚೆನ್ನಾಗಿ ನಿದ್ದೆ ಮಾಡಲಿ. ಹೋಳಿಗೆ ಊಟ ಮುಂದಿನ ರಜೆಗಿರಲಿ. ಮನೆಯವರಿಗೆ ಆಹ್ವಾನ ಬರುವುದು ವಿಂಗ್ಸ್ (ಪೈಲಟ್ ಬ್ಯಾಡ್ಜ್) ಕೊಡುವ ಗ್ರಾಜುಯೇಷನ್ ಪರೇಡ್‌ಗೆ, ಸಾಮಾನ್ಯವಾಗಿ ಜೂನ್ ಅಥವಾ ಡಿಸೆಂಬರ್‌ನಲ್ಲಿ. ಅಜ್ಜಿ-ತಾತನನ್ನು ಅದಕ್ಕೆ ಕರೆದುಕೊಂಡು ಹೋಗಿ. ಅವನು ಕಳಿಸಿದ ಫೋಟೋಗಳನ್ನು ಮಾತ್ರ ಅವನನ್ನು ಕೇಳದೆ ಎಲ್ಲೂ ಹಾಕಬೇಡಿ.